ಕೌದಿ ದಂಡಿ ಸುಕ್ಕಾಗಾಕತ್ತಿದ್ರ ಹಿಂಗ ಮಾಡ್ರಿ

ಅಕ್ಕಾರ, ಗೆಳತಿ ಮನಿಶಾಂತಿಗೆ ಕೊಡೋ ಕೌದಿ ನಡುವ ಛಲೋ ಕುಂತೈತಿ, ದಂಡಿಗೆ ಮಾತ್ರ ಸುಕ್ಕ ಬಿದ್ದಾವ, ಪಟ್ಟಿ ಹೆಂಗ ಹಚ್ಚೋದು ಅಂತ ಕೇಳೀರಿ.

ಪಟ್ಟಿ ಆಮ್ಯಾಲ. ಮೊದಲ ಹೊರಗಿನ ಎರಡ ಸಾಲ ಹೊಲಿಗಿ ಬಿಚ್ರಿ. ಬ್ಯಾಸರ ಆಗತೈತಿ, ಗೊತ್ತೈತಿ, ಆದ್ರ ಬ್ಯಾರೆ ದಾರಿ ಇಲ್ಲ. ದಾರ ಬಿಗಿ ಜಗ್ಗಿದ್ದಕ್ಕ ಅರಿವಿ ಮುದುಡೇತಿ. ಕೌದಿ ನೆಲದ ಮ್ಯಾಲ ಹಾಸಿ, ನಾಕೂ ಮೂಲಿಗೆ ಹಿಟ್ಟಿನ ಡಬ್ಬಿ ಇಟ್ಟು, ಅಂಗೈಲೆ ನಡುವಿನಿಂದ ಹೊರಗ ಸವರ್ರಿ. ಉದ್ದುದ್ದ ಕಚ್ಚಾ ಹೊಲಿಗಿ ಹಾಕಿ, ಆಮ್ಯಾಲ ಪಕ್ಕಾ ಹೊಲೀರಿ. ಗೇಣಿಗೊಮ್ಮೆ ಅರಿವಿ ಎಳದು ದಾರ ಸಡಲ ಮಾಡಕೋತ ಹೋಗ್ರಿ.

ಪಟ್ಟಿಗೆ ಹಳೇ ಇಳಕಲ್ ಸೀರಿ ದಡಿ ಬಿಟ್ರ ಬ್ಯಾರೆ ಬ್ಯಾಡ. ಸೀರಿ ಮೈ ಸವದ್ರೂ ದಡಿ ಗಟ್ಟಿ ಇರತೈತಿ. ಕೆಂಪಂದಿದ್ರ ಹಸಿ ಬಿಳೇ ಅರಿವಿಲೆ ತಿಕ್ಕಿ, ಬಣ್ಣ ಬಿಡತೈತೇನ ನೋಡ್ರಿ. ನಾ ನೋಡದ ಹಚ್ಚಿದ್ದೆ, ಮೊದಲ ಸಲ ಒಗದಾಗ ಬಿಳೇ ತುಂಡೆಲ್ಲಾ ಗುಲಾಬಿ!

ಮೂಲಿಗೆ ಗುಳೇದಗುಡ್ಡ ಖಣದ (ಕುಬಸದ ಅರಿವಿ) ತುಂಡು ತ್ರಿಕೋನ ಮಡಚಿ ಹಚ್ರಿ. ಕೌದಿ ಝಾಡಿಸಾಕ ಎಲ್ಲಾರೂ ಹಿಡಿಯೋದು ಮೂಲಿನ, ಮೊದಲ ಹರಿಯೋದೂ ಅಲ್ಲೇ.