ಎಥನಾಲ್ ಪ್ಲಾಂಟಿನ ಫ್ಲೇಮ್‌ಪ್ರೂಫ್ ಬಾಕ್ಸ್‌ಗೆ ಸೈಟಿನಲ್ಲೇ ಹೊಸ ಎಂಟ್ರಿ ಕೊರೆಸಬಹುದೇ?

ಬೇಡ. ಕಾಂಟ್ರಾಕ್ಟರ್ ಎಷ್ಟೇ ನುರಿತವರಾಗಿದ್ದರೂ ಆ ಬಾಕ್ಸ್‌ಗೆ ಡ್ರಿಲ್ ಮುಟ್ಟಿಸಲು ಬಿಡಬೇಡಿ. ನೀವು ಬರೆದಿರುವಂತೆ ಅದು ಎಥನಾಲ್ ಸಂಗ್ರಹವಾಗುವ ರಿಸೀವರ್ ಟ್ಯಾಂಕಿನ ಪಕ್ಕ, ಝೋನ್ 1ರಲ್ಲಿ (ಮಾಮೂಲು ಕೆಲಸದಲ್ಲೂ ಸುಡುವ ಆವಿ ಆಗಾಗ ಇರಬಹುದಾದ ಜಾಗ) ಇರುವ ಎರಕದ ಅಲ್ಯೂಮಿನಿಯಂ ಎಕ್ಸ್-ಡಿ, ಅಂದರೆ ಫ್ಲೇಮ್‌ಪ್ರೂಫ್, ಜಂಕ್ಷನ್ ಬಾಕ್ಸ್. ನಾಲ್ಕೂ ಎಂಟ್ರಿ (ಕೇಬಲ್ ಒಳಬರುವ ತೂತು) ಭರ್ತಿಯಾಗಿವೆ. ಇನ್ನೆರಡು ಕೇಬಲ್ ಬರಬೇಕು, ಮುಚ್ಚಳದಲ್ಲಿ ಒಂದು ಇಂಡಿಕೇಟರ್ ಕೂರಬೇಕು. ಕೆಲಸ ಆಗುತ್ತದೆ, ಆದರೆ ಈ ದಾರಿಯಲ್ಲಲ್ಲ.

ಫ್ಲೇಮ್‌ಪ್ರೂಫ್ ಬಾಕ್ಸ್ ಆವಿಯನ್ನು ಒಳಗೆ ಬಿಡದ ಬಾಕ್ಸ್ ಅಲ್ಲ. ಆವಿ ಒಳಗೆ ಬರುತ್ತದೆ, ಕಿಡಿ ತಗುಲಿ ಸಿಡಿಯಲೂಬಹುದು ಎಂದು ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ. ಸಿಡಿದಾಗ ಗೋಡೆ ಒಡೆಯಬಾರದು. ಮುಚ್ಚಳದ ಫ್ಲ್ಯಾಂಜ್ ಸಂದಿಯಲ್ಲಿ, ಕೇಬಲನ್ನು ಎಂಟ್ರಿಯಲ್ಲಿ ಬಿಗಿಹಿಡಿಯುವ ಗ್ಲ್ಯಾಂಡಿನ ಥ್ರೆಡ್‌ನಲ್ಲಿ ನುಗ್ಗುವ ಬೆಂಕಿ ಹೊರಗೆ ಬರುವಷ್ಟರಲ್ಲಿ ತಣ್ಣಗಾಗಿರಬೇಕು. ಹಾಗಾಗಿ ಪ್ರತಿ ಥ್ರೆಡ್ಡೂ ಬೆಂಕಿಯನ್ನು ತಡೆಯುವ ಒಂದು ಭಾಗ.

ಈಗ ಲೆಕ್ಕ ನೋಡಿ. ಬಾಕ್ಸಿನ ಒಳಗಾತ್ರ 100 ಘನ ಸೆಂಟಿಮೀಟರ್ ದಾಟಿದರೆ ಕನಿಷ್ಠ 5 ಪೂರ್ತಿ ಥ್ರೆಡ್ ಹಿಡಿಯಬೇಕು, ಹಿಡಿತದ ಉದ್ದ ಕನಿಷ್ಠ 8 ಮಿ.ಮೀ. ಇರಬೇಕು. ಎಂ20 ಗ್ಲ್ಯಾಂಡಿನ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ, 1.5 ಮಿ.ಮೀ. ನಿಮ್ಮ ಬಾಕ್ಸಿನ ಗೋಡೆ 6 ಮಿ.ಮೀ. ಇದೆ ಎಂದುಕೊಂಡರೆ ಸಿಗುವುದು ನಾಲ್ಕೇ ಥ್ರೆಡ್. ಕಾರ್ಖಾನೆಯಲ್ಲಿ ಮಾಡಿದ ಎಂಟ್ರಿಗಳ ಸುತ್ತ ಗೋಡೆ ದಪ್ಪಗಾಗಿ ಉಬ್ಬಿರುವುದು ಇದಕ್ಕಾಗಿಯೇ. ಬೇರೆ ಜಾಗದಲ್ಲಿ ಕೊರೆದರೆ ಆ ದಪ್ಪ ಸಿಗುವುದಿಲ್ಲ. ಇನ್ನು ಕೈ ಡ್ರಿಲ್‌ನಲ್ಲಿ 18.5 ಮಿ.ಮೀ. ತೂತು ಹೊಡೆದು ಟ್ಯಾಪ್ ಇಳಿಸಿದರೆ ಅದು ನೇರವಾಗಿ ಇಳಿದಿದೆ ಎಂಬ ಖಾತ್ರಿ ಇಲ್ಲ, ಥ್ರೆಡ್ ಸಡಿಲವಾಗಿಲ್ಲ ಎಂಬ ಖಾತ್ರಿಯೂ ಇಲ್ಲ. ಎರಕದ ಒಳಗೆ ಗಾಳಿಗುಳ್ಳೆ ಇದ್ದರೆ ಅದು ತೆರೆದುಕೊಳ್ಳುವುದೂ ಅಲ್ಲೇ. ಮೇಲಾಗಿ, ಒತ್ತಡದ ಪರೀಕ್ಷೆ ನಡೆದದ್ದು, ಪೆಸೊ (ಸ್ಫೋಟದ ಅಪಾಯವಿರುವ ಜಾಗದ ಸಾಮಾನಿಗೆ ಅನುಮೋದನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಅನುಮೋದನೆ ಸಿಕ್ಕಿದ್ದು ನಕ್ಷೆಯಲ್ಲಿರುವ ಬಾಕ್ಸ್‌ಗೆ. ತೂತು ಬಿದ್ದ ಬಾಕ್ಸ್ ಆ ನಕ್ಷೆಯದ್ದಲ್ಲ, ನೇಮ್‌ಪ್ಲೇಟ್ ಹಾಗೇ ಉಳಿದಿದ್ದರೂ.

ನಾನು ಸೂಚಿಸುವುದು ಹೀಗೆ. ಒಳಗಿರುವುದು ಬರೀ ಟರ್ಮಿನಲ್‌ಗಳಾದರೆ, ಅಂದರೆ ಸ್ವಿಚ್, ಕಾಂಟ್ಯಾಕ್ಟರ್, ಫ್ಯೂಸ್ ಯಾವುದೂ ಇಲ್ಲದಿದ್ದರೆ, ಶಟ್‌ಡೌನ್‌ನಲ್ಲಿ ಈ ಬಾಕ್ಸನ್ನೇ ತೆಗೆದು ದೊಡ್ಡ ಎಕ್ಸ್-ಇ ಬಾಕ್ಸ್ ಹಾಕಿ. ಎಕ್ಸ್-ಇಯಲ್ಲಿ ರಕ್ಷಣೆ ನಿಂತಿರುವುದು ಕಿಡಿಯೇ ಹುಟ್ಟದಂತೆ, ಬಿಸಿ ಏರದಂತೆ ನೋಡಿಕೊಳ್ಳುವುದರ ಮೇಲೆ. ಝೋನ್ 1ರಲ್ಲಿ ಅದು ಧಾರಾಳವಾಗಿ ನಡೆಯುತ್ತದೆ. ತಯಾರಕರ ದಾಖಲೆ ಒಪ್ಪಿದರೆ ಇದಕ್ಕೆ ಸೈಟಿನಲ್ಲೂ ತೂತು ಮಾಡಬಹುದು, ಆದರೆ ಯಾವ ಬದಿಯಲ್ಲಿ, ಎಷ್ಟು, ಎಷ್ಟು ಅಂತರದಲ್ಲಿ ಎಂದು ಅದರಲ್ಲಿ ಕೊಟ್ಟಂತೆ ಮಾತ್ರ. ಎಂ20 ಗ್ಲ್ಯಾಂಡಿಗೆ ಸುಮಾರು 20.5 ಮಿ.ಮೀ. ತೂತು, ಸೀಲಿಂಗ್ ವಾಷರ್, ಲಾಕ್‌ನಟ್; ಧೂಳು, ನೀರು ತಡೆಯುವ ದರ್ಜೆ ಐಪಿ54ಕ್ಕಿಂತ ಕೆಳಗಿಳಿಯಬಾರದು. ಲೋಹದ ಚೂರು ಟರ್ಮಿನಲ್ ನಡುವೆ ಉಳಿದರೆ ಈ ಬಾಕ್ಸಿನ ಅರ್ಥವೇ ಹೋಯಿತು, ಆದ್ದರಿಂದ ಟರ್ಮಿನಲ್ ಹಳಿ ಹೊರತೆಗೆದು ಕೊರೆಯಿರಿ. ಟರ್ಮಿನಲ್ ಸಂಖ್ಯೆಗೂ ಕರೆಂಟಿಗೂ ಸರ್ಟಿಫಿಕೇಟಿನಲ್ಲಿ ಮಿತಿ ಇರುತ್ತದೆ. ಜಾಗ ಇದೆ ಎಂದು ತುಂಬಬೇಡಿ.

ಒಳಗೆ ಕಿಡಿ ಹಾರಿಸುವ ಸಾಮಾನು ಇದ್ದರೆ ಎಕ್ಸ್-ಡಿಯೇ ಬೇಕು. ಆಗ ಹೊಸ ಬಾಕ್ಸನ್ನು ಕಾರ್ಖಾನೆಯಲ್ಲೇ ನಿಮಗೆ ಬೇಕಾದಂತೆ ಮಾಡಿಸಿ. ಇಂಡಿಕೇಟರನ್ನು ಯಾವ ಕಾರಣಕ್ಕೂ ಹಳೆಯ ಮುಚ್ಚಳಕ್ಕೆ ಸೇರಿಸಬೇಡಿ. ಪ್ರತ್ಯೇಕ ಸರ್ಟಿಫಿಕೇಟ್ ಇರುವ ಸಣ್ಣ ಇಂಡಿಕೇಟರ್ ಸ್ಟೇಷನ್ ಪಕ್ಕದಲ್ಲಿ ಹಾಕಿದರೆ ಸಾಕು.

ಆರ್ಡರ್‌ನಲ್ಲಿ ಬರೆಯಬೇಕಾದ್ದನ್ನು ಬಿಡಬೇಡಿ. ಗ್ಯಾಸ್ ಗ್ರೂಪ್ (ಆವಿಯ ಬೆಂಕಿ ಎಷ್ಟು ಸಣ್ಣ ಸಂದಿಯಲ್ಲಿ ಹಾಯಬಲ್ಲದು ಎಂಬ ವಿಂಗಡಣೆ) ಐಐಬಿ: ಹಳೆಯ ಪಟ್ಟಿಗಳಲ್ಲಿ ಎಥನಾಲ್ ಐಐಎ ಎಂದು ಕಂಡರೂ ಈಗಿನ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಪಟ್ಟಿಯಲ್ಲಿ ಅದು ಐಐಬಿ. ತಾಪಮಾನದ ವರ್ಗಕ್ಕೆ ಎಥನಾಲಿಗೆ ಟಿ2 ಸಾಲುತ್ತದೆ. ಟಿ4 ತೆಗೆದುಕೊಂಡರೆ ಮೇಲ್ಮೈ 135 ಡಿಗ್ರಿ ದಾಟುವುದಿಲ್ಲ. ಸುತ್ತಲಿನ ತಾಪಮಾನವನ್ನು ಬಹಳ ಜನ ಮರೆಯುತ್ತಾರೆ. ಪ್ಲೇಟಿನ ಮೇಲೆ ಬೇರೆ ಏನೂ ಬರೆದಿಲ್ಲದಿದ್ದರೆ ಆ ಬಾಕ್ಸ್ ಮೈನಸ್ 20ರಿಂದ 40 ಡಿಗ್ರಿಗೆ ಮಾತ್ರ ಪ್ರಮಾಣಿತ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆ ಅದನ್ನು ದಾಟುತ್ತದೆ, ಆದ್ದರಿಂದ 50 ಅಥವಾ 55 ಡಿಗ್ರಿಗೆ ಕೇಳಿ. ಕೇಬಲ್‌ಗಳ ಹೊರ ವ್ಯಾಸ, ಆರ್ಮರ್ (ಕೇಬಲಿನ ಲೋಹದ ಕವಚ) ಒಳಗಿನ ವ್ಯಾಸ, ಎಂಟ್ರಿ ಮೇಲೋ ಕೆಳಗೋ ಪಕ್ಕವೋ ಎಂಬುದನ್ನೂ ಕೊಡಿ. ಎರಡು ಎಂಟ್ರಿ ಹೆಚ್ಚುವರಿ ಇರಲಿ, ಅವಕ್ಕೆ ಸರ್ಟಿಫೈಡ್ ಪ್ಲಗ್ ಜೊತೆಗೇ ಬರಲಿ. ಸಾಗಣೆಗೆ ಹಾಕಿರುವ ಪ್ಲಾಸ್ಟಿಕ್ ಡಮ್ಮಿಯನ್ನು ಹಾಗೇ ಬಿಟ್ಟರೆ ಬಾಕ್ಸ್ ತೆರೆದಿಟ್ಟಂತೆಯೇ.

ಸರ್ಟಿಫಿಕೇಟ್ ಸಂಖ್ಯೆಯ ಕೊನೆಯ ಅಕ್ಷರ ನೋಡಿ. ‘ಯು’ ಇದ್ದರೆ ಅದು ಖಾಲಿ ಡಬ್ಬಕ್ಕೆ ಮಾತ್ರ. ಒಳಗೆ ಸಾಮಾನು ಹಾಕಿದ ಮೇಲೆ ಇಡೀ ಜೋಡಣೆಗೆ ಬೇರೆಯೇ ಸರ್ಟಿಫಿಕೇಟ್ ಬೇಕು. ಅಂಥ ಡಬ್ಬದಲ್ಲಿ ಐಐಬಿಗೆ ಪ್ರತಿ ಅಡ್ಡಕೊಯ್ತದಲ್ಲೂ ಕನಿಷ್ಠ ಶೇ. 20 ಜಾಗ ಖಾಲಿ ಇರಬೇಕು, ಇನ್ನೂ ಕಠಿಣ ಗ್ರೂಪಾದ ಐಐಸಿಗೆ ಶೇ. 40. ಒತ್ತಾಗಿ ತುಂಬಿದರೆ ಒಂದು ಮೂಲೆಯ ಸ್ಫೋಟ ಇನ್ನೊಂದು ಮೂಲೆಯ ಆವಿಯನ್ನು ಮೊದಲು ಅದುಮಿ ಆಮೇಲೆ ಹೊತ್ತಿಸುತ್ತದೆ. ಒತ್ತಡ ಪರೀಕ್ಷೆಯ ಮಟ್ಟವನ್ನೇ ಮೀರಬಹುದು. ಆ ಕೊನೆಯ ಅಕ್ಷರ ‘ಎಕ್ಸ್’ (X) ಇದ್ದರೆ ವಿಶೇಷ ಷರತ್ತುಗಳಿವೆ, ಓದಿ.

ಕೂರಿಸುವಾಗ ಫ್ಲ್ಯಾಂಜಿನ ಎದುರು 30 ಮಿ.ಮೀ. ಒಳಗೆ ಪೈಪ್, ಗೋಡೆ, ಬ್ರಾಕೆಟ್ ಏನೂ ಬರಬಾರದು. ಇದು ಐಐಬಿಯ ಅಂತರ. ಎಕ್ಸ್-ಡಿ ಬಾಕ್ಸ್‌ಗೆ ಎಕ್ಸ್-ಡಿ ಗ್ಲ್ಯಾಂಡೇ ಬೇಕು, ‘ಡಬಲ್ ಕಂಪ್ರೆಷನ್’ ಎಂದ ಮಾತ್ರಕ್ಕೆ ಅದು ಫ್ಲೇಮ್‌ಪ್ರೂಫ್ ಆಗುವುದಿಲ್ಲ. ಫ್ಲ್ಯಾಂಜ್ ಮುಖಕ್ಕೆ ಪೇಂಟ್ ಬೇಡ, ಎಮರಿ ಕಾಗದ ಬೇಡ, ನಕ್ಷೆಯಲ್ಲಿ ಇಲ್ಲದ ಗ್ಯಾಸ್ಕೆಟ್ ಬೇಡ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಬಟ್ಟೆಯಿಂದ ಒರೆಸಿ, ತಯಾರಕರು ಒಪ್ಪಿದ ಗಟ್ಟಿಯಾಗದ ಗ್ರೀಸ್ ತೆಳ್ಳಗೆ ಸವರಿ. ಬೋಲ್ಟ್ ಎಷ್ಟಿವೆಯೋ ಅಷ್ಟೂ, ಅದೇ ದರ್ಜೆಯವು ಹಾಕಿ ಬಿಗಿ ಮಾಡಿ. ಕೊನೆಗೆ ಫೀಲರ್ ಗೇಜ್ ತೆಗೆದುಕೊಂಡು ನಾಲ್ಕೂ ಬದಿ ಸಂದಿ ಅಳೆದು, ನಕ್ಷೆಯ ಮಿತಿಗೆ ಹೋಲಿಸಿ ರಿಜಿಸ್ಟರ್‌ನಲ್ಲಿ ಬರೆದ ಮೇಲೆಯೇ ಸಪ್ಲೈ ಕೊಡಿ.