ಅಂಗೈಯಲ್ಲಿ ಬೆಣ್ಣೆ, ತುಪ್ಪಕ್ಕೆ ಚೀನಾ: ಅಮೆರಿಕದ ಕನ್ಸರ್ವೇಟಿವ್‌ಗಳ ಗೊಣಗಾಟಕ್ಕೆ ಅರ್ಥವಿದೆಯೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಹೋಗಿ ಐದು ತಿಂಗಳು ಹ್ಯೂಸ್ಟನ್ ಹತ್ತಿರ ಇದ್ದೆವು. ಬೆಳಗಿನ ವಾಕಿಂಗ್‌ಗೆ ಪಕ್ಕದ ಮನೆಯ ಹಿರಿಯರೊಬ್ಬರು ಜೊತೆಯಾಗುತ್ತಿದ್ದರು. ಎಣ್ಣೆ ಬಾವಿಗಳಲ್ಲಿ ದುಡಿದು ನಿವೃತ್ತರಾದವರು, ಹುಟ್ಟಾ ರಿಪಬ್ಲಿಕನ್, ಅಂದರೆ ಅಲ್ಲಿನ ಕನ್ಸರ್ವೇಟಿವ್ (ಸಂಪ್ರದಾಯವಾದಿ) ಪಕ್ಷದವರು. ದಿನಾ ಒಂದೇ ರಾಗ. ‘ಕಾಲ ಕೆಳಗೇ ಎಣ್ಣೆ ಇದೆ, ಆದರೂ ನಮ್ಮ ಪೆಟ್ರೋಲ್ ರೇಟು ಹೊರಗಿನವರ ಕೈಯಲ್ಲಿದೆ. ನಾವು ಗೆಲ್ಲಿಸಿದವರು ವಾಷಿಂಗ್ಟನ್ ಮುಟ್ಟಿದ ಮೇಲೆ ಎಲ್ಲರ ಹಾಗೇ ಸಾಲ ಮಾಡ್ತಾರೆ. ಅಂಗಡಿಗೆ ಹೋದರೆ ಎಲ್ಲಾ ಚೀನಾ ಮಾಲು.’ ಇಷ್ಟು ಶ್ರೀಮಂತ ದೇಶದವರಿಗೆ ಇವು ನಿಜವಾದ ತೊಂದರೆಗಳೋ, ಸುಮ್ನೆ ಗೊಣಗೋ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ವಾಕಿಂಗ್ ಗೆಳೆಯರು ಅರ್ಧ ಸರಿ ಸರ್. ಉಳಿದರ್ಧ ಅವರು ಹೇಳದೇ ಬಿಟ್ಟದ್ದು. ಮೊದಲು ಎಣ್ಣೆ ನೋಡೋಣ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಬಂಕ್‌ಗಳ ಮುಂದೆ ಕಾರುಗಳ ಸಾಲು. ಆಗ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ 1980ರೊಳಗೆ ದೇಶ ಇಂಧನದಲ್ಲಿ ಸ್ವಾವಲಂಬಿ ಆಗಬೇಕು ಎಂದು ಗುರಿ ಇಟ್ಟರು. 1980 ಬಂತು, ಹೋಯಿತು. ಆಮೇಲೆ ಬಂದ ಅಧ್ಯಕ್ಷರೆಲ್ಲ ಅದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿದರು. 2006ರಲ್ಲಿ ಜಾರ್ಜ್ ಡಬ್ಲ್ಯು ಬುಷ್, ಅವರೇ ಟೆಕ್ಸಸ್‌ನವರು, ಅಮೆರಿಕ ಎಣ್ಣೆಯ ಚಟಕ್ಕೆ ಬಿದ್ದಿದೆ ಎಂದು ಸಂಸತ್ತಿನ ಮುಂದೆಯೇ ಹೇಳಿದರು. ಆ ಹೊತ್ತಿಗೆ ದೇಶ ಬಳಸುವ ಎಣ್ಣೆಯಲ್ಲಿ ಸುಮಾರು ಶೇ 60 ಹೊರಗಿನದು.

ಮುಂದೆ ಆದದ್ದು ಯಾರೂ ಊಹಿಸಿರಲಿಲ್ಲ. ಪಶ್ಚಿಮ ಟೆಕ್ಸಸ್, ನಾರ್ತ್ ಡಕೋಟಾಗಳಲ್ಲಿ ಶೇಲ್ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವುದು ಕೈಗೂಡಿತು. 2020ರ ಹೊತ್ತಿಗೆ, ಕಚ್ಚಾ ಎಣ್ಣೆ ಮತ್ತು ಪೆಟ್ರೋಲ್, ಡೀಸೆಲ್ ಎಲ್ಲ ಕೂಡಿಸಿ ಲೆಕ್ಕ ಹಾಕಿದರೆ, ಅಮೆರಿಕ ತರಿಸಿಕೊಳ್ಳುವುದಕ್ಕಿಂತ ಕಳಿಸುವುದು ಜಾಸ್ತಿಯಾಯಿತು. ಈಗ ದಿನಕ್ಕೆ 1.3 ಕೋಟಿ ಬ್ಯಾರೆಲ್ ಕಚ್ಚಾ ಎಣ್ಣೆ ತೆಗೆಯುತ್ತಾರೆ. ಬೇರೆ ಯಾವ ದೇಶವೂ ಎಂದೂ ಇಷ್ಟು ತೆಗೆದಿಲ್ಲ.

ಹಾಗಿದ್ದೂ 2022ರ ಜೂನ್‌ನಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ ಸರಾಸರಿ 5 ಡಾಲರ್ ದಾಟಿತು. ನಿಮ್ಮ ಗೆಳೆಯರ ಹೊಟ್ಟೆಯುರಿ ಇಲ್ಲೇ ಇರೋದು. ಇದು ಅರ್ಥವಾಗಬೇಕಾದರೆ ನಿಮ್ಮ ಊರಿನ ಅಡಿಕೆ ನೆನಪಿಸಿಕೊಳ್ಳಿ. ತೀರ್ಥಹಳ್ಳಿಯ ತೋಟದಲ್ಲೇ ಬೆಳೆದ ಅಡಿಕೆ ಎಂದು ತೀರ್ಥಹಳ್ಳಿಯವನಿಗೆ ಯಾರಾದರೂ ಅಗ್ಗಕ್ಕೆ ಕೊಡುತ್ತಾರಾ? ಮಂಡಿಯಲ್ಲಿ ಏನು ರೇಟೋ ಅದೇ ರೇಟು. ಎಣ್ಣೆಗೂ ಹಾಗೆ. ರಷ್ಯಾ ಉಕ್ರೇನ್ ಮೇಲೆ ಬಿದ್ದರೆ ಟೆಕ್ಸಸ್‌ನ ಬಾವಿಯ ಎಣ್ಣೆಗೂ ಅದೇ ಹೊಸ ಬೆಲೆ. ಬಾವಿ ಇರೋದು ಖಾಸಗಿ ಕಂಪನಿಗಳ ಕೈಯಲ್ಲಿ. ಯಾರು ಜಾಸ್ತಿ ಕೊಡುತ್ತಾರೋ ಅವರಿಗೆ ಮಾರುತ್ತವೆ. 1975ರಿಂದ ಕಚ್ಚಾ ಎಣ್ಣೆ ರಫ್ತಿಗೆ ನಿಷೇಧ ಇತ್ತು. 2015ರ ಡಿಸೆಂಬರ್‌ನಲ್ಲಿ ಅದನ್ನು ತೆಗೆಸಲು ಪಟ್ಟು ಹಿಡಿದದ್ದು ಅವರದೇ ರಿಪಬ್ಲಿಕನ್ ಪಕ್ಷ. ಮುಕ್ತ ಮಾರುಕಟ್ಟೆ ಎಂದರೆ ಅದೇ ಅಲ್ವಾ?

ಇನ್ನೊಂದು ತಾಂತ್ರಿಕ ತೊಡಕೂ ಇದೆ. ಶೇಲ್ ಎಣ್ಣೆ ತೆಳು. ಆದರೆ ಗಲ್ಫ್ ಆಫ್ ಮೆಕ್ಸಿಕೋ ಕರಾವಳಿಯ ದೊಡ್ಡ ರಿಫೈನರಿಗಳು ವೆನೆಜುವೆಲಾ, ಮೆಕ್ಸಿಕೋ, ಕೆನಡಾಗಳ ದಪ್ಪ ಎಣ್ಣೆಗೆಂದು ಕೋಟಿಗಟ್ಟಲೆ ಡಾಲರ್ ಸುರಿದು ಸಜ್ಜಾದವು. ಖಾರ ಕುಟ್ಟುವ ಮಿಲ್ಲಿಗೆ ರಾಗಿ ಒಯ್ದ ಹಾಗೆ. ಅದಕ್ಕೇ ತೆಳು ಎಣ್ಣೆ ಹೊರಗೆ ಮಾರುತ್ತಾರೆ, ದಪ್ಪ ಎಣ್ಣೆ ಕೊಳ್ಳುತ್ತಾರೆ. ಹೊರಗಿಂದ ಬರುವ ಕಚ್ಚಾ ಎಣ್ಣೆಯಲ್ಲಿ ಸುಮಾರು ಶೇ 60 ಕೆನಡಾದ್ದು. ಆ ಎಣ್ಣೆ ತರಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಪೈಪ್‌ಲೈನ್ ಕಥೆ ಕೇಳಿ. 2015ರಲ್ಲಿ ಒಬಾಮಾ ಬೇಡ ಎಂದರು, 2017ರಲ್ಲಿ ಟ್ರಂಪ್ ಬೇಕು ಎಂದರು, 2021ರಲ್ಲಿ ಬೈಡನ್ ಕುರ್ಚಿಯಲ್ಲಿ ಕುಳಿತ ಮೊದಲ ದಿನವೇ ರದ್ದು ಮಾಡಿದರು. ಪೈಪ್ ಹೂಳುವ ಕಂಪನಿಗೆ ನಾಲ್ಕು ವರ್ಷ ಸಾಲದು. ಈ ವಿಷಯದಲ್ಲಿ ಕನ್ಸರ್ವೇಟಿವ್‌ಗಳ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ.

‘ಡ್ರಿಲ್ ಬೇಬಿ ಡ್ರಿಲ್’ ಅನ್ನೋ ಘೋಷಣೆ ನೀವೂ ಕೇಳಿರುತ್ತೀರಿ. 2008ರ ರಿಪಬ್ಲಿಕನ್ ಸಮಾವೇಶದಲ್ಲಿ ಹುಟ್ಟಿದ್ದು. ಆದರೆ ಕಂಪನಿಗಳು ಘೋಷಣೆ ಕೇಳಿ ಬಾವಿ ಕೊರೆಯುವುದಿಲ್ಲ. ಬೆಲೆ 60 ಡಾಲರ್‌ಗಿಂತ ಕೆಳಗಿಳಿದರೆ ಎಷ್ಟೋ ಕಡೆ ಹೊಸ ಬಾವಿ ಗಿಟ್ಟುವುದೇ ಇಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದಾ ಬೆಲೆ (ಮುಂದೆ ಕೊಡುವ ಮಾಲಿಗೆ ಈಗಲೇ ಗೊತ್ತು ಮಾಡುವ ಬೆಲೆ) ಸೊನ್ನೆಗಿಂತ 37 ಡಾಲರ್ ಕೆಳಗೆ ಇಳಿಯಿತು. ಅಂದರೆ ತಗೊಂಡು ಹೋಗಿ, ಮೇಲೆ ದುಡ್ಡೂ ಕೊಡ್ತೀವಿ ಅನ್ನೋ ಸ್ಥಿತಿ. ಆಗ ಮುಳುಗಿದ ಕಂಪನಿಗಳನ್ನು ನಿಮ್ಮ ಗೆಳೆಯರು ಕಣ್ಣಾರೆ ಕಂಡಿರುತ್ತಾರೆ. ಗ್ರಾಹಕನಿಗೆ ಅಗ್ಗದ ಪೆಟ್ರೋಲ್, ಬಾವಿಯವನಿಗೆ ಒಳ್ಳೆ ಬೆಲೆ, ಎರಡೂ ಒಟ್ಟಿಗೆ ಬೇಕೆಂದರೆ ಹೇಗೆ? ಅವರ ಪಕ್ಷ ಇಬ್ಬರಿಗೂ ಮಾತು ಕೊಟ್ಟಿದೆ.

ಇನ್ನು ಸಾಲ. ಇಲ್ಲಿ ಅವರ ಮಾತು ನೂರಕ್ಕೆ ನೂರು ನಿಜ. ಅಮೆರಿಕದ ಬಜೆಟ್ ಕೊನೆಯ ಸಲ ಸರಿತೂಗಿದ್ದು 1998ರಿಂದ 2001ರವರೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಭಾಷಣ ಮಾಡುವ ಪಕ್ಷದ ಬುಷ್ ಕಾಲದಲ್ಲೇ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 2008ರಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್‌ಗೆ ಒಪ್ಪಿಗೆ ಕೊಟ್ಟದ್ದೂ ಆಗಲೇ. ಆ ಸಿಟ್ಟಿನಿಂದಲೇ 2009ರಲ್ಲಿ ಟೀ ಪಾರ್ಟಿ ಚಳವಳಿ ಎದ್ದಿತು. ಅವರು ಸ್ವಂತ ಪಕ್ಷದವರನ್ನೇ ‘ರೈನೋ’ ಎಂದು ಹಂಗಿಸುತ್ತಿದ್ದರು, ಅಂದರೆ ಹೆಸರಿಗೆ ಮಾತ್ರ ರಿಪಬ್ಲಿಕನ್. ಟ್ರಂಪ್ ಮೊದಲ ಅವಧಿಯಲ್ಲಿ ಸಾಲಕ್ಕೆ ಮತ್ತೆ ಸುಮಾರು 7.8 ಲಕ್ಷ ಕೋಟಿ ಡಾಲರ್ ಸೇರಿತು. ಬೈಡನ್ ಕಾಲದಲ್ಲೂ ಅದು ನಿಲ್ಲಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಒಟ್ಟು 38 ಲಕ್ಷ ಕೋಟಿ ದಾಟಿತು. 2024ರಲ್ಲೇ ಬಡ್ಡಿಯ ಖರ್ಚು ರಕ್ಷಣಾ ಖರ್ಚನ್ನು ಮೀರಿತ್ತು. 2025ರ ಜುಲೈನಲ್ಲಿ ದೊಡ್ಡ ತೆರಿಗೆ ಮಸೂದೆ ಬಂದಾಗ ಸಾಲದ ಕಾರಣ ಹೇಳಿ ಬೇಡ ಎಂದ ರಿಪಬ್ಲಿಕನ್ನರು ಬೆರಳೆಣಿಕೆಯಷ್ಟು ಮಂದಿ. ರ‍್ಯಾಂಡ್ ಪಾಲ್, ಥಾಮಸ್ ಮ್ಯಾಸಿ ಅಂಥವರು.

ಮೂರನೆಯದು ಚೀನಾ ಮಾಲು. ಆಟಿಕೆ, ಚಪ್ಪಲಿ ಬಿಡಿ, ನಾನು ಹೇಳೋದು ಅಪರೂಪದ ಖನಿಜಗಳ ಮಾತು. ರೇರ್ ಅರ್ಥ್ ಎನ್ನುತ್ತಾರಲ್ಲ, ಅವು. ಹೆಸರಿಗೆ ಅಪರೂಪ, ಭೂಮಿಯಲ್ಲಿ ಬೇಕಾದಷ್ಟಿವೆ. ಕಾರಿನ ಮೋಟರ್, ಮೊಬೈಲ್, ಕ್ಷಿಪಣಿ, ಎಲ್ಲದರ ಒಳಗಿನ ಗಟ್ಟಿ ಅಯಸ್ಕಾಂತಕ್ಕೆ ಅವು ಬೇಕು. ಒಂದು ಎಫ್-35 ಯುದ್ಧವಿಮಾನಕ್ಕೇ ಸುಮಾರು 400 ಕಿಲೋ.

ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ಹೆದ್ದಾರಿಯ ಬದಿಯಲ್ಲೇ, ಮೊಹಾವಿ ಮರುಭೂಮಿಯಲ್ಲಿ ಮೌಂಟನ್ ಪಾಸ್ ಎಂಬ ಗಣಿ ಇದೆ. 1949ರಲ್ಲಿ ಯುರೇನಿಯಂ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು. ಬಣ್ಣದ ಟಿವಿಯ ಕೆಂಪು ಬಣ್ಣಕ್ಕೆ ಬೇಕಾದ ಯುರೋಪಿಯಂ ಇಲ್ಲಿಂದಲೇ ಹೋಗುತ್ತಿತ್ತು. 1980ರ ದಶಕದವರೆಗೆ ಜಗತ್ತಿಗೆ ಇದೇ ದೊಡ್ಡ ಮೂಲ. ಆಮೇಲೆ ಕೊಳಚೆ ನೀರಿನ ಪೈಪು ಒಡೆದು ಮರುಭೂಮಿಗೆ ಹರಿಯಿತು, ಕಾನೂನಿನ ಬಿಸಿ ತಟ್ಟಿತು. ಚೀನಾ ಅಗ್ಗಕ್ಕೆ ಮಾರತೊಡಗಿತು. 2002ರಲ್ಲಿ ಗಣಿಗಾರಿಕೆ ನಿಂತಿತು. ಮತ್ತೆ ತೆರೆದ ಕಂಪನಿ 2015ರಲ್ಲಿ ದಿವಾಳಿ. ಹೊಸ ಮಾಲೀಕರು ಬಂದು ಅದಿರು ಅಗೆದರು, ಆದರೆ ಶುದ್ಧ ಮಾಡಲು ಅದನ್ನು ಹಡಗಿನಲ್ಲಿ ಚೀನಾಕ್ಕೇ ಕಳಿಸುತ್ತಿದ್ದರು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದರು ಅನ್ನುವ ಗಾದೆ ಇದಕ್ಕೆಂದೇ ಹುಟ್ಟಿತೇನೋ. ಬೆಣ್ಣೆ ಇತ್ತು, ಕಾಯಿಸುವ ಒಲೆ ಮನೆಯಲ್ಲಿ ಉಳಿದಿರಲಿಲ್ಲ. ಆ ಒಲೆಯ ಹೊಗೆ ಯಾರಿಗೂ ಬೇಕಿರಲಿಲ್ಲ.

ಅಯಸ್ಕಾಂತದ ಕಥೆ ಇನ್ನೂ ಬೇಜಾರಿನದು. ಜನರಲ್ ಮೋಟರ್ಸ್ ಸ್ವತಃ ಕಟ್ಟಿದ್ದ ಮ್ಯಾಗ್ನಿಕ್ವೆಂಚ್ ಎಂಬ ಕಂಪನಿ ಇಂಡಿಯಾನಾ ರಾಜ್ಯದಲ್ಲಿತ್ತು. 1995ರಲ್ಲಿ ಅದನ್ನು ಚೀನೀ ಕಂಪನಿಗಳೂ ಸೇರಿದ ಗುಂಪಿಗೆ ಮಾರಿದರು. ಕೆಲವು ವರ್ಷಗಳಲ್ಲಿ ಕೆಲಸ, ಯಂತ್ರ ಎಲ್ಲವೂ ಚೀನಾ ಸೇರಿದವು. ಸರ್ಕಾರ ಡೆಮಾಕ್ರಾಟರದ್ದೂ ಇತ್ತು, ರಿಪಬ್ಲಿಕನ್ನರದ್ದೂ ಇತ್ತು, ಯಾರೂ ತಡೆಯಲಿಲ್ಲ. ಈಗ ಜಗತ್ತಿನ ರೇರ್ ಅರ್ಥ್ ಶುದ್ಧೀಕರಣದಲ್ಲಿ ಸುಮಾರು ಶೇ 90 ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸುಂಕ ಏರಿಸಿದಾಗ ಚೀನಾ ಏಳು ಖನಿಜಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಯಾರಕರಿಗೂ ಬಿಸಿ ಮುಟ್ಟಿತು. ಜುಲೈ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆ ಮೌಂಟನ್ ಪಾಸ್ ಕಂಪನಿಯಲ್ಲಿ 40 ಕೋಟಿ ಡಾಲರ್ ಹಾಕಿ, ಹತ್ತು ವರ್ಷ ಇಂತಿಷ್ಟು ಬೆಲೆಗಿಂತ ಕಡಿಮೆ ಆಗದು ಎಂದು ಖಾತರಿ ಕೊಟ್ಟಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬೆಂಬಲ ಬೆಲೆ. ಸರ್ಕಾರ ಮಾರುಕಟ್ಟೆಗೆ ಕೈ ಹಾಕಬಾರದು ಎಂದು ಜೀವನಪೂರ್ತಿ ನಂಬಿದ ನಿಮ್ಮ ಗೆಳೆಯರು ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿ ನೋಡಿ. ನನಗೂ ಕುತೂಹಲ.

ಪ್ರಶ್ನೆ: ರಿಪಬ್ಲಿಕನ್ ಪಕ್ಷ ಎಂದರೆ ಮುಕ್ತ ವ್ಯಾಪಾರ ಎಂದು ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈಗ ಎಲ್ಲರ ಮೇಲೂ ಸುಂಕ ಹಾಕುವವರು ಅವರೇ. ವಿದ್ಯಾರ್ಥಿಗಳ ಮುಂದೆ ನಗೆಪಾಟಲಾಗಿದ್ದೇನೆ. ನೋಟ್ಸ್ ಹರಿದು ಹಾಕಲೇ?
– ಕಾಲೇಜು ಉಪನ್ಯಾಸಕಿ, ಹುಬ್ಬಳ್ಳಿ

ಉತ್ತರ: ಹರಿಯಬೇಡಿ, ಮುಂದೆ ನಾಲ್ಕು ಹಾಳೆ ಸೇರಿಸಿ. ಸುಂಕ ಆ ಪಕ್ಷದ ಹಳೇ ಅಂಗಿ. 1890ರ ಮೆಕಿನ್ಲಿ ಸುಂಕ, 1930ರ ಸ್ಮೂಟ್-ಹಾಲಿ ಸುಂಕ, ಎರಡೂ ರಿಪಬ್ಲಿಕನ್ನರದ್ದೇ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಾರ್ಖಾನೆಗೆ ಎದುರಾಳಿಯೇ ಇರಲಿಲ್ಲ. ಹಾಗಾಗಿ ಮುಕ್ತ ವ್ಯಾಪಾರ ಹಿತವಾಗಿ ಕಂಡಿತು.

1992ರಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ನಿಂತು, ಮೆಕ್ಸಿಕೋ ಜೊತೆ ಒಪ್ಪಂದವಾದರೆ ಕೆಲಸಗಳೆಲ್ಲ ದಕ್ಷಿಣಕ್ಕೆ ಹೀರಿಹೋಗುತ್ತವೆ ಎಂದರು. ಸುಮಾರು ಶೇ 19 ಮತ ಬಂತು. ಆದರೂ ಆ ಒಪ್ಪಂದ, ಅಂದರೆ ಅಮೆರಿಕ, ಮೆಕ್ಸಿಕೋ, ಕೆನಡಾ ನಡುವಿನ ನಾಫ್ಟಾ, 1994ರ ಜನವರಿ 1ಕ್ಕೆ ಜಾರಿಯಾಯಿತು. ಸಂಸತ್ತಿನ ಕೆಳಮನೆಯಲ್ಲಿ ಅದಕ್ಕೆ ಡೆಮಾಕ್ರಾಟರಿಗಿಂತ ಜಾಸ್ತಿ ಮತ ಕೊಟ್ಟವರು ರಿಪಬ್ಲಿಕನ್ನರು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2000ದಲ್ಲಿ ಸುಮಾರು 1.7 ಕೋಟಿ ಇದ್ದ ಕಾರ್ಖಾನೆ ಕೆಲಸಗಳು 2010ಕ್ಕೆ 1.2 ಕೋಟಿಗಿಂತ ಕೆಳಗಿಳಿದವು. ಯಂತ್ರಗಳದ್ದೂ ಪಾಲಿದೆ, 2008ರ ಕುಸಿತದ್ದೂ ಇದೆ. ಆದರೆ ಓಹಾಯೋದ ಒಂದು ಸಣ್ಣ ಊರಿನಲ್ಲಿ ಇದ್ದ ಒಂದೇ ಕಾರ್ಖಾನೆಗೆ ಬೀಗ ಬಿದ್ದಾಗ ಯಾರು ಈ ಪಾಲು ಲೆಕ್ಕ ಹಾಕುತ್ತಾರೆ? ಟ್ರಂಪ್ ಹಿಡಿದದ್ದು ಆ ನೋವನ್ನು. ಅದು ಗೊತ್ತಿಲ್ಲದೆ ಸುಂಕವನ್ನು ಬರೀ ಹುಚ್ಚಾಟ ಎಂದರೆ ನಿಮ್ಮ ಪಾಠ ಅರ್ಧವಾಗುತ್ತದೆ.

ಸುಂಕದಿಂದ ಕಾರ್ಖಾನೆ ವಾಪಸ್ ಬರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ತರಗತಿಗೆ ಅಲ್ಯೂಮಿನಿಯಂ ಉದಾಹರಣೆ ಕೊಡಿ. 25 ವರ್ಷಗಳ ಹಿಂದೆ ಅಮೆರಿಕದಲ್ಲಿ 20ಕ್ಕೂ ಹೆಚ್ಚು ಕರಗಿಸುವ ಘಟಕಗಳಿದ್ದವು, ಈಗ ನಾಲ್ಕೈದು. ಅಲ್ಯೂಮಿನಿಯಂ ಎಂದರೆ ಹೆಚ್ಚುಕಡಿಮೆ ಗಟ್ಟಿಯಾದ ಕರೆಂಟು. ಕೆನಡಾದ ಕ್ವಿಬೆಕ್‌ನಲ್ಲಿ ಜಲವಿದ್ಯುತ್ ಅಗ್ಗ, ಲೋಹ ಅಲ್ಲಿಂದ ಬರುತ್ತದೆ. 2025ರ ಜೂನ್‌ನಲ್ಲಿ ಸುಂಕ ಶೇ 50 ಮಾಡಿದರು. ಸುಂಕ ಹಾಕಿದರೆ ನದಿ ಈಚೆಗೆ ತಿರುಗುವುದಿಲ್ಲವಲ್ಲ! ಪೊಟ್ಯಾಷ್ ಗೊಬ್ಬರದ ಕಥೆಯೂ ಅದೇ. ಅಯೋವಾದ ಮೆಕ್ಕೆಜೋಳದ ರೈತ, ಪಕ್ಕಾ ಕನ್ಸರ್ವೇಟಿವ್ ಮತದಾರ, ಹೊಲಕ್ಕೆ ಹಾಕುವ ಪೊಟ್ಯಾಷ್‌ನಲ್ಲಿ ಬಹುಪಾಲು ಕೆನಡಾದ್ದು. 2025ರ ಮಾರ್ಚ್‌ನಲ್ಲಿ ಕೆನಡಾ ಮೇಲೆ ಶೇ 25 ಸುಂಕ ಹಾಕಿ, ಕೆಲವೇ ದಿನಗಳಲ್ಲಿ ಪೊಟ್ಯಾಷ್ ಮೇಲಿನದನ್ನು ಶೇ 10ಕ್ಕೆ ಇಳಿಸಿದರು. ನಮ್ಮ ಕಬ್ಬಿನ ಗದ್ದೆಗೆ ಬೀಳುವ ಪೊಟ್ಯಾಷ್ ಕೂಡ ಹೊರದೇಶದ್ದೇ, ಹಾಗಾಗಿ ಅಯೋವಾ ರೈತನ ಸಂಕಟ ನಿಮ್ಮ ಕಡೆಯ ಹುಡುಗರಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಪಾದೂರಿನಲ್ಲಿ ಆಪತ್ತಿಗೆಂದು ನೆಲದೊಳಗೆ ಕಚ್ಚಾ ಎಣ್ಣೆ ತುಂಬಿಟ್ಟಿದ್ದಾರೆ. ಅಮೆರಿಕದಲ್ಲೂ ಹೀಗೇ ಇದೆಯಂತೆ, ಹೌದೇ?
– ಕಾಪು ತಾಲ್ಲೂಕಿನ ಓದುಗರು

ಉತ್ತರ: ಹೌದು. ಪಾದೂರಿನಲ್ಲಿ ಬಂಡೆ ಕೊರೆದ ಗುಹೆ, 25 ಲಕ್ಷ ಟನ್ ಹಿಡಿಯುತ್ತದೆ. ಮಂಗಳೂರಿನದು 15 ಲಕ್ಷ ಟನ್. ಅಮೆರಿಕದವರದು ಟೆಕ್ಸಸ್, ಲೂಸಿಯಾನಾ ಕರಾವಳಿಯ ಉಪ್ಪಿನ ಪದರದೊಳಗೆ, ನೀರು ಹಾಯಿಸಿ ಉಪ್ಪು ಕರಗಿಸಿ ಮಾಡಿದ ಪೊಳ್ಳು. 1975ರ ಕಾನೂನಿನಿಂದ ಹುಟ್ಟಿದ್ದು, 71 ಕೋಟಿ ಬ್ಯಾರೆಲ್ ಹಿಡಿಯುತ್ತದೆ. ಅಳತೆಯಲ್ಲಿ ನಮ್ಮದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಗೆದ್ದೆವು. 2020ರಲ್ಲಿ ಎಣ್ಣೆ ನೆಲ ಕಚ್ಚಿದಾಗ ಟ್ರಂಪ್ ತಮ್ಮ ಗುಹೆ ತುಂಬಿಸಲು 300 ಕೋಟಿ ಡಾಲರ್ ಕೇಳಿದರು. ಎಣ್ಣೆ ಕಂಪನಿಗಳಿಗೆ ಯಾಕೆ ಕೊಡಬೇಕು ಎಂದು ಡೆಮಾಕ್ರಾಟರು ತಡೆದರು. ಎರಡೇ ವರ್ಷದಲ್ಲಿ ಬೆಲೆ 100 ಡಾಲರ್ ದಾಟಿದಾಗ ಬೈಡನ್ ಅದೇ ಗುಹೆಯಿಂದ 18 ಕೋಟಿ ಬ್ಯಾರೆಲ್ ಹೊರತೆಗೆಯುವುದಾಗಿ ಪ್ರಕಟಿಸಿದರು. ಸಂಗ್ರಹ 40 ವರ್ಷಗಳಲ್ಲೇ ಕನಿಷ್ಠಕ್ಕೆ ಇಳಿಯಿತು. ಕನ್ಸರ್ವೇಟಿವ್‌ಗಳು ಇದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ಅದಕ್ಕೂ ಮುಂಚೆ ಬಜೆಟ್ಟಿನ ತೂತು ಮುಚ್ಚಲು ಅದೇ ಎಣ್ಣೆ ಮಾರುವ ಕಾನೂನಿಗೆ ಎರಡೂ ಪಕ್ಷ ಸೇರಿ ಕೈ ಎತ್ತಿದ್ದವು, ಅದನ್ನು ಯಾರೂ ಆಡುವುದಿಲ್ಲ. ನಿಮ್ಮ ಪಾದೂರು ಮಾತ್ರ 2020ರ ಏಪ್ರಿಲ್–ಮೇನಲ್ಲಿ, ಬ್ಯಾರೆಲ್ಲಿಗೆ ಸರಾಸರಿ 19 ಡಾಲರ್ ಇದ್ದಾಗ, ಸದ್ದಿಲ್ಲದೆ ತುಂಬಿಕೊಂಡಿತು.