ಮನೆ ಮನೆಗೆ ಹೋಗಿ ವಾಟರ್ ಫಿಲ್ಟರ್ ಮಾರುವ ಕೆಲಸ ಸಿಕ್ಕಿದೆ, ಮಾತಾಡೋಕೆ ನಾಚಿಕೆ. ಹೇಗೆ ಕಲಿಯಲಿ?

ಮಾತಿನ ಚಿಂತೆ ಬಿಡಿ. ಮೊದಲು ಕಂಪನಿಯವರು ಕೊಡುವ ಡೆಮೊ ಪೆಟ್ಟಿಗೆ ತೆಗೆದು ನೋಡಿ.

ನಾನು ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ಆರ್‌ಓ ಫಿಲ್ಟರ್, ಅಂದರೆ ನೀರಿನ ಲವಣ ತೆಗೆಯುವ ಯಂತ್ರ ಮಾರುತ್ತಿದ್ದೆ. ಸಂಬಳ ಇಲ್ಲ, ಬರೀ ಕಮಿಷನ್. ನಮ್ಮ ಪೆಟ್ಟಿಗೆಯಲ್ಲಿ ಕರೆಂಟ್ ಹಾಯಿಸುವ ಕಬ್ಬಿಣದ ಕಡ್ಡಿಗಳಿದ್ದವು. ಒಂದು ಲೋಟ ನಲ್ಲಿ ನೀರು, ಒಂದು ಲೋಟ ಫಿಲ್ಟರ್ ನೀರು. ಸ್ವಿಚ್ ಹಾಕಿದರೆ ನಲ್ಲಿ ನೀರು ಕೆಂಪಗೆ ಗೊಜ್ಜಾಗುತ್ತದೆ, ಫಿಲ್ಟರ್ ನೀರು ತಿಳಿಯಾಗೇ ಇರುತ್ತದೆ. "ನೋಡಿ ಅಮ್ಮಾ, ಮಕ್ಕಳಿಗೆ ಇದನ್ನೇ ಕುಡಿಸ್ತಿದೀರಾ" ಅನ್ನಬೇಕು. ನಾನೂ ಅನ್ನುತ್ತಿದ್ದೆ.

ಒಂದು ಮನೆಯ ಅಮ್ಮ ಹೆದರಿ ಅಡ್ವಾನ್ಸ್ ಕೊಟ್ಟರು. ಪಿಯುಸಿ ಓದುವ ಅವರ ಮಗ ಒಳಗಿಂದ ಚಿಟಿಕೆ ಉಪ್ಪು ತಂದು ಫಿಲ್ಟರ್ ನೀರಿಗೆ ಹಾಕಿ ಕದಡಿದ. "ಈಗ ಸ್ವಿಚ್ ಹಾಕಿ ಅಣ್ಣ" ಅಂದ. ಅದೂ ಕೆಂಪಾಯಿತು.

ಆ ಬಣ್ಣ ನೀರಿನ ಕೊಳೆ ಅಲ್ಲವೇ ಅಲ್ಲ. ಕಡ್ಡಿಯ ಕಬ್ಬಿಣ ಕರಗಿ ಬಂದ ತುಕ್ಕು. ನೀರಲ್ಲಿ ಲವಣ ಇದ್ದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಓ ಲವಣ ತೆಗೆದಿರುತ್ತದೆ, ಅದಕ್ಕೇ ತಿಳಿ. ರೋಗಾಣು ಇದೆಯೋ ಇಲ್ಲವೋ ಈ ಆಟದಿಂದ ಗೊತ್ತಾಗುವುದೇ ಇಲ್ಲ. ಟ್ರೈನಿಂಗ್‌ನಲ್ಲಿ ನಾನು ಒಂದು ಮಾತು ಕೇಳಬಹುದಿತ್ತು, ಮನೆಯಲ್ಲೇ ಉಪ್ಪು ಹಾಕಿ ನೋಡಬಹುದಿತ್ತು. ಎರಡೂ ಮಾಡಲಿಲ್ಲ.

ಅಡ್ವಾನ್ಸ್ ವಾಪಸ್ ಕೊಟ್ಟೆ. ಆದರೆ ಆ ಬೀದಿಯ ಹೆಂಗಸರೆಲ್ಲ ಒಂದೇ ಚೀಟಿಯಲ್ಲಿ ಇದ್ದವರು. ಸಂಜೆಯೊಳಗೆ ಸುದ್ದಿ ಹರಡಿತು. ಮೊದಲೇ ಬುಕ್ ಮಾಡಿದ್ದವರೂ ಕ್ಯಾನ್ಸಲ್ ಮಾಡಿದರು. ಆ ತಿಂಗಳ ಬಾಡಿಗೆಗೆ ಸಾಲ ಮಾಡಿದೆ.

ನೀವು ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ, ಜಾಸ್ತಿ ಬೆಲೆ ಇಲ್ಲ. ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಲವಣ ಮುಂತಾದವುಗಳ ಒಟ್ಟು ಪ್ರಮಾಣ. ಕುಡಿಯುವ ನೀರಿಗೆ ಭಾರತದ ಮಾನದಂಡವಾದ ಐಎಸ್ 10500ರಲ್ಲಿ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ತನಕ ಸರಿ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಆರ್‌ಓ ಶುದ್ಧ ಮಾಡುವಾಗ ಒಂದಿಷ್ಟು ನೀರನ್ನು ಹೊರಗೆ ಬಿಡುತ್ತದೆ, ಸುಮ್ನೆ ಪೋಲು ಅಲ್ವಾ. ಬರೀ ಕಾವೇರಿ ನೀರಿನ ಮನೆಗೆ ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಫಿಲ್ಟರ್) ಸಾಕು ಅಂತ ನೇರ ಹೇಳಿ, ಕಮಿಷನ್ ಕಡಿಮೆ ಬಂದರೂ ಸರಿ.

ಇನ್ನು ನಾಚಿಕೆ. ಗೇಟಿನಲ್ಲಿ ನಿಂತು "ಅಮ್ಮಾ, ನಿಮ್ಮದು ಕಾವೇರಿನಾ, ಬೋರಾ?" ಅಂತ ಕೇಳಿ. ಬೋರ್ ನೀರಿನವರು ತಾವೇ ಶುರು ಮಾಡುತ್ತಾರೆ, ಬೇಳೆ ಬೇಯಲ್ಲ, ಬಕೆಟ್ ತುಂಬಾ ಬಿಳಿ ಕಲೆ ಅಂತ. ನೀವು ಕೇಳಿಸಿಕೊಂಡು ಮೀಟರ್ ಅದ್ದಿ ತೋರಿಸಿದರೆ ಆಯಿತು. ಆ ಕಡ್ಡಿ ಪೆಟ್ಟಿಗೆ ಹಿಡಿದೇ ಹೋಗಬೇಕು ಅಂತ ಕಂಪನಿ ಹಟ ಮಾಡಿದರೆ ಮಾತ್ರ ಅಲ್ಲಿ ಸೇರಬೇಡಿ.